ಹದಿನೇಳನೇ ನಂಬರಿನ ಹಾಜರಿ

ನಮ್ಮ ಗುಡ್ಡದ ಕಾಲೇಜುಗಳಲ್ಲಿ ಓದಿದವರು ಈ ಕಥೆ ಕೇಳಿರಬಹುದು. ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಕಲ್ಲಿನ ಕೋರೆಗೆ ಬಿದ್ದಿದ್ದಳಂತೆ. ಅದೇ ದಿನ ಕ್ಲಾಸಿಗೂ ಬಂದು ಕುಳಿತಿದ್ದಳಂತೆ. ಮೇಡಂ ಕಣ್ಣಾರೆ ನೋಡಿ ಹಾಜರಿ ಹಾಕಿದ್ದರಂತೆ... ಹಾಸ್ಟೆಲಿನ ಹುಡುಗಿಯರು ದೀಪ ಆರಿಸಿಕೊಂಡು ಇದನ್ನು ಹೇಳುತ್ತಿದ್ದರು.

ಅದು ಅಪ್ಪಟ ಸುಳ್ಳು. ಆ ಮೇಡಂ ನಾನೇ. ಆ ಕಥೆಯನ್ನು ಹುಟ್ಟಿಸಿದವಳೂ ನಾನೇ.

ಆದರೆ ಅದಾದ ಮೇಲೆ ಒಂದು ರಾತ್ರಿ ನಡೆದದ್ದು ನಿಜ. ತರ್ಕಶಾಸ್ತ್ರ ಕಲಿಸಿ ಸಂಬಳ ತಿಂದವಳು ನಾನು, ದೆವ್ವ ಪಿಶಾಚಿ ಎಂದರೆ ಮೂಗು ಮುರಿಯುತ್ತಿದ್ದೆ. ಇದನ್ನು ಕಟ್ಟಿ ಹೇಳುವುದರಿಂದ ನನಗೆ ಯಾವ ಲಾಭವೂ ಇಲ್ಲ. ಇದ್ದರೆ ಮಾನ ಹೋಗುವ ಭಯವೇ.

ಯಾವ ಗುಡ್ಡ, ಯಾವ ಕಾಲೇಜು ಎಂದು ಕೇಳಬೇಡಿ. ಉಡುಪಿಯ ಸುತ್ತಿನದು ಎಂದರೆ ಸಾಕು. ಎಂಬತ್ತರ ದಶಕದ ಮೊದಲ ವರ್ಷಗಳು. ಅದೊಂದು ದೊಡ್ಡ ಸಂಸ್ಥೆ. ವರ್ಷಕ್ಕೊಂದು ಹೊಸ ಕಟ್ಟಡ ಏಳುತ್ತಿತ್ತು, ಸಂಶೋಧನೆಯ ಲ್ಯಾಬುಗಳಲ್ಲಿ ಬೆಳಗಿನ ತನಕ ದೀಪ ಉರಿಯುತ್ತಿತ್ತು. ಅದರ ಮೂಲೆಯೊಂದರಲ್ಲಿ, ಹಂಚಿನ ಮಾಡಿನ ಕೆಳಗೆ, ನಮ್ಮ ಪುಟ್ಟ ಆರ್ಟ್ಸ್ ಕಾಲೇಜು. ಚರಿತ್ರೆ, ಕನ್ನಡ, ತರ್ಕಶಾಸ್ತ್ರ. ಲ್ಯಾಬಿನವರು ನಮ್ಮದನ್ನು ನಿದ್ದೆ ಕಾಲೇಜು ಎಂದು ತಮಾಷೆ ಮಾಡುತ್ತಿದ್ದರು.

ನಮ್ಮ ಪ್ರಿನ್ಸಿಪಾಲರಿಗೆ ಒಂದೇ ಚಿಂತೆ. "ನೋಡಿ ಮೇಡಂ, ಈ ಸಲ ಮಕ್ಕಳ ಸಂಖ್ಯೆ ಇಳಿದ್ರೆ ಈ ಕೋಣೆಗಳೂ ಲ್ಯಾಬಿಗೆ ಹೋಗ್ತವೆ" ಎನ್ನುತ್ತಿದ್ದರು. ಹಾಜರಿ ಕಡಿಮೆಯಾದ ಮಕ್ಕಳಿಗೆ ಪರೀಕ್ಷೆಗೆ ಕೂರಲು ಬಿಡುತ್ತಿರಲಿಲ್ಲ. ಹಾಗೆ ನಾಲ್ಕು ಮಕ್ಕಳು ಹೊರಗುಳಿದರೂ ನಮ್ಮ ಲೆಕ್ಕ ತಪ್ಪುತ್ತಿತ್ತು.

ಹಾಗಾಗಿ ನಾನು ಹೆಸರು ಕರೆಯುವುದನ್ನೇ ಬಿಟ್ಟಿದ್ದೆ. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು, ಚಹಾ ಕುಡಿಯುತ್ತ, ಮೇಲಿಂದ ಕೆಳಗಿನ ತನಕ ಒಂದೇ ಉಸಿರಿಗೆ 'ಪಿ' ಎಂದು ಬರೆದು ಹೋಗುತ್ತಿದ್ದೆ. ಬಂದವರಿಗೂ ಪಿ, ಬಾರದವರಿಗೂ ಪಿ. ಮಕ್ಕಳು ನನ್ನನ್ನು ಒಳ್ಳೆ ಮೇಡಂ ಎನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ವಾಸಂತಿಯದ್ದು ಹದಿನೇಳನೇ ನಂಬರು. ಪೆರ್ಡೂರಿನ ಕಡೆಯವಳು, ಕೊನೆಯ ಬೆಂಚು. ರಾತ್ರಿ ತಾಯಿಯ ಜೊತೆ ಬೀಡಿ ಕಟ್ಟಿ ಬೆಳಿಗ್ಗೆ ಕಾಲೇಜಿಗೆ ಬರುತ್ತಿದ್ದಳು. ಅವಳ ನೋಟ್ ಪುಸ್ತಕ ತೆರೆದರೆ ಹೊಗೆಸೊಪ್ಪಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ತರ್ಕಶಾಸ್ತ್ರದಲ್ಲಿ ನನ್ನನ್ನು ಪ್ರಶ್ನೆ ಕೇಳಿ ಗೋಳುಹೊಯ್ದುಕೊಳ್ಳುತ್ತಿದ್ದವಳು ಅವಳೊಬ್ಬಳೇ.

ಫೆಬ್ರವರಿಯ ಒಂದು ಸಂಜೆ. ನಾನು ಬನ್ನಂಜೆಯ ನನ್ನ ರೂಮಿಗೆ ಹೊರಡುವ ಹೊತ್ತಿಗೆ ಅವಳ ತಂದೆ ತಿಮ್ಮಪ್ಪ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಮೇಡಂ, ನಮ್ಮ ವಾಸಂತಿ ಸಂಜೆಯ ಬಸ್ಸಿಗೆ ಬರ್ಲಿಲ್ಲ. ಇವತ್ತು ಕ್ಲಾಸಿಗೆ ಬಂದಿದ್ದಾಳಾ?"

ನಾನು ರಿಜಿಸ್ಟರ್ ತೆರೆದೆ. ಮೊದಲ ಪಿರಿಯಡ್ ಪಿ. ಕೊನೆಯ ಪಿರಿಯಡ್ ಪಿ. ಎರಡೂ ನನ್ನದೇ ಅಕ್ಷರ. ಕೊನೆಯ ಬೆಂಚನ್ನು ನೆನಪು ಮಾಡಿಕೊಳ್ಳಲು ನೋಡಿದೆ... ಮುಖ ಬರಲಿಲ್ಲ. ಅವಳು ಬಂದಿದ್ದಳೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ.

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಪ್ರಿನ್ಸಿಪಾಲರು ಪಕ್ಕದಲ್ಲೇ ನಿಂತಿದ್ದರು, ರಿಜಿಸ್ಟರ್ ಎದುರಿಗಿತ್ತು. "ಬಂದಿದ್ದಾಳೆ. ಕೊನೆಯ ಪಿರಿಯಡ್ ತನಕ ಇದ್ದಳು" ಎಂದುಬಿಟ್ಟೆ.

ಆ ಒಂದು ಮಾತಿನಿಂದ ಎಲ್ಲವೂ ದಾರಿ ತಪ್ಪಿತು. ಬೆಳಿಗ್ಗೆ ಬಸ್ಸು ಹಿಡಿಯಲು ಅವಳು ಕೋರೆಗಳ ನಡುವಿನ ಒಳದಾರಿಯಲ್ಲಿ ಹೋಗುತ್ತಿದ್ದಳು. ಸಂಜೆಯ ಬಸ್ಸು ಮನೆಯ ಹತ್ತಿರವೇ ಬಿಡುತ್ತಿತ್ತು. ಕಾಲೇಜಿಗೆ ಬಂದಿದ್ದಾಳೆ ಎಂದ ಮೇಲೆ ಆ ಒಳದಾರಿಯಲ್ಲಿ ಯಾರು ಹುಡುಕುತ್ತಾರೆ? ಗುಡ್ಡದ ಮೇಲೆಲ್ಲ ಹುಡುಕಿದರು. ಉಡುಪಿ ಬಸ್‌ಸ್ಟ್ಯಾಂಡ್, ಕಟಪಾಡಿಯ ಚಿಕ್ಕಮ್ಮನ ಮನೆ, ಕಾಪುವಿನ ಕಡಲ ಬದಿ... ಯಾರ ಜೊತೆಗೋ ಓಡಿಹೋಗಿದ್ದಾಳೆ ಎಂಬ ಮಾತೂ ಎದ್ದಿತು.

ಮೂರನೇ ದಿನ ಬೆಳಿಗ್ಗೆ ಸೊಪ್ಪಿಗೆ ಹೋದ ಹೆಂಗಸರಿಗೆ ಅವಳು ಸಿಕ್ಕಿದಳು. ಮನೆಯಿಂದ ಹತ್ತು ನಿಮಿಷದ ದಾರಿ. ಕೋರೆಯ ತಳದಲ್ಲಿ, ಸೊಂಟ ಮುರಿದು ಬಿದ್ದಿದ್ದಳು. ಟಿಫಿನ್ ಡಬ್ಬಿಯ ಮುಚ್ಚಳ ಕೂಡ ತೆಗೆದಿರಲಿಲ್ಲ. ಅವಳ ಉಗುರುಗಳೆಲ್ಲ ಸವೆದಿದ್ದವು, ಕೆಂಪು ಕಲ್ಲನ್ನು ಕೆರೆದು ಕೆರೆದು.

ಮೊದಲ ರಾತ್ರಿ ಪೂರ್ತಿ ಜೀವ ಇದ್ದಿರಬೇಕು ಎಂದು ಡಾಕ್ಟರು ಹೇಳಿದರಂತೆ.

ಕೋರೆಯ ಹತ್ತಿರದ ಮನೆಯ ಮುದುಕಿಗೆ ಆ ರಾತ್ರಿ ಯಾರೋ ಕರೆದದ್ದು ಕೇಳಿತ್ತು. ರಾತ್ರಿ ಹೊರಗಿನಿಂದ ಕರೆದರೆ ಒಂದೇ ಕರೆಗೆ ಓಗೊಡಬಾರದು, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಆಕೆ ಒಂದು ಕರೆ ಕೇಳಿದ್ದೇ ಬಾಗಿಲು ಹಾಕಿಕೊಂಡಿದ್ದಳು. ನನಗೆ ಆ ಮುದುಕಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎರಡು ದಿನ ನನ್ನ ತಪ್ಪೇ ಮರೆತುಹೋಗಿತ್ತು.

ಮಗಳ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ ತಿಮ್ಮಪ್ಪ ಮತ್ತೆ ಕಾಲೇಜಿಗೆ ಬಂದರು. ಜಗಳಕ್ಕೆ ಎಂದುಕೊಂಡೆ. ಅವರು ದನಿ ತಗ್ಗಿಸಿ ಕೇಳಿದರು, "ಮೇಡಂ, ಆ ದಿನ ನೀವು ಅವಳನ್ನು ಕಣ್ಣಾರೆ ಕಂಡದ್ದಾ?"

"ಕಂಡಿದ್ದೆ..." ಎಂದೆ.

ಅವರ ಮುಖದಲ್ಲಿ ಏನೋ ಒಂದು ಸಮಾಧಾನ. "ಹಾಗಾದ್ರೆ ಜೀವ ಇಲ್ಲಿಗೆ ಬಂದಿತ್ತು ಮೇಡಂ. ಕಾಲೇಜು ಅಂದ್ರೆ ಅಷ್ಟು ಪ್ರೀತಿ ಇತ್ತಲ್ಲ ಅವಳಿಗೆ. ಅವಳ ಅಮ್ಮನಿಗೆ ಹೇಳ್ತೇನೆ" ಎಂದು ಕೈಮುಗಿದು ಹೋದರು.

ಕಥೆ ಹುಟ್ಟಿದ್ದು ಹೀಗೆ. ವಾರದೊಳಗೆ ಗುಡ್ಡವೆಲ್ಲ ಸುತ್ತಿತು. ಕೊನೆಯ ಬೆಂಚಿನಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನಾಚಿಕೆಗೇಡು.

ಇನ್ನು ಆ ರಾತ್ರಿಯ ವಿಷಯ...

ಮಾರ್ಚ್ ಕೊನೆ. ಮರುದಿನ ಬೆಳಿಗ್ಗೆ ಹಾಜರಿಯ ಪಟ್ಟಿ ಕಳಿಸಬೇಕಿತ್ತು. ಎಂಟು ಗಂಟೆಯಾದರೂ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕುಳಿತು ಪಿಗಳನ್ನು ಕೂಡುತ್ತಿದ್ದೆ. ಹೊರಗೆ ಜಗಲಿಯಲ್ಲಿ ಅಟೆಂಡರ್ ಸಂಜೀವಣ್ಣ ಇದ್ದರು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು.

"ಐದು ನಿಮಿಷ ಮೇಡಂ, ಮನೆಯಿಂದ ಲಾಟೀನು ತರ್ತೇನೆ" ಎಂದು ಅವರು ಹೊರಟರು. ಮೇಜಿನ ಮೇಲೆ ಮೋಂಬತ್ತಿಯ ಒಂದು ತುಂಡು ಹಚ್ಚಿಟ್ಟು ಹೋದರು.

ಹದಿನೇಳನೇ ನಂಬರಿಗೆ ಬಂದೆ. ಆ ದಿನದ ಎರಡು ಪಿಗಳು. ಮೇಲೆ ಕುಳಿತವರು ಯಾರಾದರೂ ರಿಜಿಸ್ಟರ್ ತರಿಸಿ ನೋಡಿದರೆ? ಡ್ರಾಯರಿನಿಂದ ಬ್ಲೇಡ್ ತೆಗೆದು ಶಾಯಿ ಕೆರೆಯತೊಡಗಿದೆ. ಆಗ ಎಲ್ಲರೂ ತಪ್ಪು ತಿದ್ದುತ್ತಿದ್ದದ್ದು ಹಾಗೆಯೇ.

ಕರ್... ಕರ್... ಕರ್...

ಕಾಗದ ತೂತಾದೀತೆಂದು ಕೈ ನಿಲ್ಲಿಸಿದೆ.

ಸದ್ದು ನಿಲ್ಲಲಿಲ್ಲ.

ಕರ್... ಕರ್... ಗೋಡೆಯ ಆಚೆಯಿಂದ. ಪಕ್ಕದ ಕೋಣೆ ನಮ್ಮ ಕ್ಲಾಸ್ ರೂಮು. ಇಲಿ ಎಂದುಕೊಂಡೆ. ಆದರೆ ಇಲಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ನಿಧಾನವಾಗಿ, ಒಂದೇ ಸಮನೆ, ಸುಸ್ತಾಗಿ ನಿಂತು ಮತ್ತೆ ಕೆರೆಯುವ ಸದ್ದು. ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಹೊಗೆಸೊಪ್ಪಿನ ವಾಸನೆ ಬಂತು. ಅದರ ಹಿಂದೆಯೇ ಕೆಂಪು ಕಲ್ಲಿನ ಧೂಳಿನ ವಾಸನೆ, ಗಂಟಲಲ್ಲಿ ಅಂಟುವಂಥದ್ದು.

"ಮೇಡಂ..."

ಹೆಣ್ಣು ದನಿ. ಕೂಗಿ ಕೂಗಿ ಬಿದ್ದುಹೋದ ದನಿ.

ಒಂದೇ ಕರೆ, ಒಂದೇ ಕರೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ನಾನು, ತರ್ಕಶಾಸ್ತ್ರದವಳು! ಆ ಮುದುಕಿಯನ್ನು ಬಾಯಿಗೆ ಬಂದಂತೆ ಬೈದವಳು!

"ಮೇಡಂ..."

ಎರಡು. ಮೂರನೆಯದ್ದು ಬಾರದಿರಲಿ ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿ ಹಿಡಿದೆ. ಕೆರೆಯುವ ಸದ್ದು ನಿಂತಿತ್ತು. ಆಚೆ ಯಾರೋ ಕಿವಿಗೊಟ್ಟು ಕೇಳುತ್ತಿದ್ದಾರೆ ಎನ್ನಿಸಿತು.

"ಮೇಡಂ..."

ಮೂರು.

ನಾನು ಓಗೊಡಲಿಲ್ಲ. ಅವಳು ಕರೆದದ್ದು ನನ್ನನ್ನೇ, ಹತ್ತು ಹೆಜ್ಜೆ ದೂರದಲ್ಲಿ. ಒಂದು 'ಓ' ಅನ್ನಲಿಕ್ಕೆ ನನ್ನಿಂದ ಆಗಲಿಲ್ಲ.

ಅಷ್ಟರಲ್ಲಿ ಲಾಟೀನಿನ ಬೆಳಕು ಬಂತು. ಸಂಜೀವಣ್ಣ ಬಾಗಿಲಲ್ಲೇ ನಿಂತು ಅತ್ತಿತ್ತ ನೋಡಿದರು. "ಎಂತ ಮೇಡಂ, ಯಾರು ಬಂದದ್ದು? ನಿಮ್ಮನ್ನು ಕರೀತಾ ಇದ್ದದ್ದು ಅಂಗಳದ ತನಕ ಕೇಳ್ತಿತ್ತಲ್ಲ?"

"ಯಾರೂ ಇಲ್ಲ. ಬೀಗ ಹಾಕಿ, ಹೋಗುವ" ಎಂದೆ. ಕ್ಲಾಸ್ ರೂಮಿನ ಕಡೆ ತಲೆ ಎತ್ತಲಿಲ್ಲ. ಬಸ್‌ಸ್ಟಾಪಿನ ತನಕ ಅವರ ಅಂಗಿಯ ತುದಿ ಹಿಡಿದುಕೊಂಡೇ ನಡೆದೆ.

ಬೆಳಿಗ್ಗೆ ಕ್ಲಾಸ್ ರೂಮಿನಲ್ಲಿ ಏನೂ ಇರಲಿಲ್ಲ. ಒಂದು ಚಿಟಿಕೆ ಧೂಳು ಕೂಡ. ರಿಜಿಸ್ಟರಿನಲ್ಲಿ ಅರ್ಧ ಕೆರೆದ ಪಿ ಹಾಗೆಯೇ ಇತ್ತು. ಅದನ್ನು ಮುಚ್ಚಿಟ್ಟು, ರಜೆ ಬರೆದುಕೊಟ್ಟು ಪೆರ್ಡೂರಿನ ಬಸ್ಸು ಹತ್ತಿದೆ. ಎಲ್ಲವನ್ನೂ ಹೇಳಿಬಿಡಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

ತಿಮ್ಮಪ್ಪ ಮನೆಯಲ್ಲಿರಲಿಲ್ಲ. ವಾಸಂತಿಯ ತಾಯಿ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನು ಯಾರೆಂದು ತಿಳಿದದ್ದೇ ಮೊರ ಬದಿಗಿಟ್ಟು ಎದ್ದುಬಂದರು. ಆಕೆಗೆ ಕನ್ನಡ ಅಷ್ಟು ಬಾರದು, ತುಳುವಿನಲ್ಲೇ ಮಾತಾಡಿದರು.

"ನೀವು ಅವಳನ್ನು ಕಂಡಿದ್ದೀರಿ ಅಂತ ಇವರು ಹೇಳಿದ ಮೇಲೆಯೇ ಟೀಚರೇ ನನ್ನ ಗಂಟಲಲ್ಲಿ ಅನ್ನ ಇಳಿದದ್ದು. ಈಗಲೂ ಬರ್ತಾಳಾ ಅವಳು ಕ್ಲಾಸಿಗೆ?"

ಇಲ್ಲಮ್ಮ, ನಾನು ಸುಳ್ಳು ಹೇಳಿದ್ದು ಎನ್ನಬೇಕಿತ್ತು. ಅದಕ್ಕೇ ಬಂದದ್ದು. ಆದರೆ ಹಿಂದಿನ ರಾತ್ರಿಯ ಮೇಲೆ, ಇಲ್ಲ ಎನ್ನುವುದೂ ಸುಳ್ಳಾಗುತ್ತಿತ್ತು.

"ಬರ್ತಾಳೆ" ಎಂದೆ.

"ಮಾತಾಡ್ತಾಳಾ?"

"ಕರೀತಾಳೆ."

ಆಕೆಯ ಕಣ್ಣು ತುಂಬಿತು. "ಅವಳಿಗೆ ಕತ್ತಲೆ ಅಂದ್ರೆ ಹೆದರಿಕೆ ಟೀಚರೇ. ಚಿಕ್ಕವಳಿದ್ದಾಗ ರಾತ್ರಿ ಎದ್ದು ಅಮ್ಮಾ ಅಂತಿದ್ದಳು. ನಾನು ಓ ಅಂದ್ರೆ ಸಾಕು, ಹಾಗೇ ಮಲಗ್ತಿದ್ದಳು. ಕರೆದಾಗ ನೀವು ಓ ಅಂತೀರಿ ಅಲ್ವಾ?"

"ಅಂತೇನಮ್ಮ" ಎಂದೆ.

ಆಕೆ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಹನ್ನೊಂದು ವರ್ಷ ಅದೇ ಕೋಣೆಯಲ್ಲಿ ಪಾಠ ಮಾಡಿದೆ. ದಿನವೂ ಒಬ್ಬೊಬ್ಬರ ಹೆಸರು ಕರೆದು, ಮುಖ ನೋಡಿಯೇ ಹಾಜರಿ ಹಾಕಿದೆ. ಆದರೆ ಕತ್ತಲಾಗುವ ಮೊದಲೇ ಗುಡ್ಡ ಇಳಿದುಬಿಡುತ್ತಿದ್ದೆ. ಒಂದು ದಿನವೂ ಅಲ್ಲಿ ಉಳಿಯಲಿಲ್ಲ. ಅಷ್ಟು ರಾತ್ರಿಗಳಲ್ಲಿ ಅವಳು ಕರೆಯುತ್ತಿದ್ದಳೋ, ಇಲ್ಲವೋ... ನನಗೆ ಗೊತ್ತಿಲ್ಲ.