ದಾರಿ ತಪ್ಪಿದ ಸಾಲು, ಕೆರೆಯಂಚಿನ ಮನೆ

ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ಒಂದು ಕಿರುಕೋಣೆ. ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು. ಯೂನಿಫಾರ್ಮುಗಳ ಗುಂಡಿ, ಕಾಜಾ, ಹರಿದ ಜೇಬು ಸರಿಮಾಡುತ್ತ ಅಲ್ಲೇ ಇಪ್ಪತ್ತಾರು ವರ್ಷ ಕಳೆದವಳಿಗೆ ಓಣಿಯವರೆಲ್ಲ ಗುಂಡಿಯಕ್ಕ ಎನ್ನುತ್ತಿದ್ದರು. ಕಿಟಕಿ ತೆರೆದರೆ ಊರಿಗೇ ಹೆಸರಾದ ದೊಡ್ಡ ಪಾರ್ಕಿನ ಮರಗಳ ತುದಿ ಕಾಣುತ್ತಿತ್ತು. ಹೊರದೇಶದವರೂ ಹುಡುಕಿಕೊಂಡು ಬರುವ ಜಾಗ. ಗುಂಡಿಯಕ್ಕ ಮಾತ್ರ ಗೇಟಿನ ಪಕ್ಕದ ಆಫೀಸಿನಿಂದ ಆಚೆ ಹೆಜ್ಜೆ ಇಟ್ಟವಳಲ್ಲ.

ಒಂದು ಬುಧವಾರ ಪಾರ್ಕಿನ ಮಾಲಿಗಳ ಅಂಗಿಗಳ ಗಂಟು ಹೊತ್ತು ಅಲ್ಲಿಗೆ ಹೋದಳು. ಆಫೀಸಿನ ಮುಂದೆ ಸಾಲು ನಿಂತಿತ್ತು. ಸಾಮಾನು ಒಪ್ಪಿಸುವ ಸಾಲೇ ಇರಬೇಕು ಅಂದುಕೊಂಡು ಕೊನೆಯಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಸಾಲು ಹೊರಟಿತು. ಆದರೆ ಆಫೀಸಿನೊಳಕ್ಕಲ್ಲ, ಪಾರ್ಕಿನೊಳಕ್ಕೆ. ಮುಂದೆ ಟೋಪಿ ಹಾಕಿದ ನಿವೃತ್ತ ಇತಿಹಾಸ ಮೇಷ್ಟ್ರು ಕೈಯೆತ್ತಿ ನಡೆಯುತ್ತಿದ್ದರು. ಹೊಸ ಗೋದಾಮು ಒಳಗೆಲ್ಲೋ ಇರಬಹುದೆಂದು ಅವಳೂ ಹಿಂದೆಯೇ ನಡೆದಳು. ಮೇಷ್ಟ್ರು ಒಂದು ಮರದ ವಯಸ್ಸು ಹೇಳಲು ನಿಂತಾಗಲೇ ಇದು ಪಾರ್ಕ್ ನೋಡಲು ಬಂದವರ ಸಾಲು, ತಾನು ತಪ್ಪು ಸಾಲಿಗೆ ಸೇರಿದ್ದೇನೆಂದು ಗೊತ್ತಾದದ್ದು. ವಾಪಸ್ ಹೋಗೋಣವೆಂದರೆ ಬಂದ ದಾರಿ ಯಾವುದೆಂದು ತಿಳಿಯಲಿಲ್ಲ.

ಕೆರೆಯ ಹತ್ತಿರ ಮೇಷ್ಟ್ರು ಹೇಳಿದರು: "ಎಂಬತ್ತು ವರ್ಷದ ಹಿಂದೆ ಇಲ್ಲಿ ಏನೂ ಇರಲಿಲ್ಲ. ಬರೀ ಖಾಲಿ ಜಾಗ. ಈ ಕೆರೆ ಕೂಡ ಪಾರ್ಕ್ ಮಾಡುವಾಗ ತೋಡಿದ್ದೇ."

ಗುಂಡಿಯಕ್ಕನ ಬಾಯಿ ತಾನಾಗಿಯೇ ತೆರೆಯಿತು. "ಖಾಲಿ ಹೇಗಾಗತ್ತೆ ಮೇಷ್ಟ್ರೇ? ನಮ್ಮಮ್ಮ ಹುಟ್ಟಿದ್ದೇ ಇಲ್ಲಿ. ಬಾಗಿಲು ತೆಗೆದ್ರೆ ಕೆರೆ ಕಾಣ್ತಿತ್ತು ಅಂತ ಸಾಯೋವರೆಗೂ ಹೇಳ್ತಿದ್ಲು."

ಎಲ್ಲರೂ ತಿರುಗಿ ಗಂಟು ಹೊತ್ತವಳನ್ನು ನೋಡಿದರು. ಮೇಷ್ಟ್ರು ಜೇಬಿನಿಂದ ಹಳೆಯ ನಕ್ಷೆಯ ಪ್ರತಿ ತೆಗೆದರು. ಈ ಜಾಗದಲ್ಲಿ ಬರೀ ಬಿಳಿ.

"ನಕ್ಷೆಯಲ್ಲಿ ಮನೆಗಳಿಲ್ಲವಲ್ಲಮ್ಮಾ."

"ನಕ್ಷೆ ಬರೆದವರು ಇಲ್ಲಿಗೆ ಬಂದಿದ್ರಾ?"

ಮೇಷ್ಟ್ರು ಪೇಚಿಗೆ ಸಿಕ್ಕವರಂತೆ ನಕ್ಕು, ಅವಳು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಮಾತು ಗೆದ್ದೆನೆಂಬ ಹುರುಪಿನಲ್ಲಿ ಕೋಣೆಗೆ ಮರಳಿದವಳು ಕಾಜಾ ಹೊಲಿಯುತ್ತ ಸುಮ್ಮನೆ ಲೆಕ್ಕ ಹಾಕಿದಳು. ಅಮ್ಮ ಇದ್ದಿದ್ದರೆ ಈಗ ಎಪ್ಪತ್ತೆಂಟು. ಪಾರ್ಕಿಗೆ ಎಂಬತ್ತು. ಇನ್ನೊಮ್ಮೆ ಬೆರಳು ಮಡಚಿದಳು. ಅಷ್ಟೇ ಬಂತು. ಮೂರನೇ ಸಲವೂ ಅಷ್ಟೇ. ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಎದ್ದವಳೇ ದೊಡ್ಡಮ್ಮನ ಮನೆಗೆ ಹೋದಳು.

ಅಮ್ಮನ ಅಕ್ಕನಾದ ದೊಡ್ಡಮ್ಮನಿಗೆ ಎಂಬತ್ತೊಂಬತ್ತು. ಮಗಳ ಮನೆಯ ಹಿಂಗೋಣೆಯಲ್ಲಿ ಕೂತು ಹಳೇ ಸ್ವೆಟರಿನ ಉಣ್ಣೆ ಬಿಚ್ಚುತ್ತಿದ್ದಳು. ಅಮ್ಮ ಹುಟ್ಟಿದ್ದು ಪಾರ್ಕಿನ ಜಾಗದಲ್ಲೇನಾ ಎಂದು ಕೇಳಿದ್ದಕ್ಕೆ ತಲೆ ಕೂಡ ಎತ್ತಲಿಲ್ಲ.

"ನಿಮ್ಮಮ್ಮನಾ? ಅಲ್ಲಿ ಹುಟ್ಟಿದ್ದು ನಾನು ಕಣೇ. ಅವಳು ಹುಟ್ಟೋ ಹೊತ್ತಿಗೆ ನಾವು ಆ ಮನೆ ಬಿಟ್ಟು ಎರಡು ವರ್ಷ ಆಗಿತ್ತು."

"ಮತ್ತೆ ಕೆರೆ?"

"ಯಾವ ಕೆರೆ? ಇಟ್ಟಿಗೆಗೆ ಮಣ್ಣು ತೆಗೆದ ಹಳ್ಳ. ಮಳೆ ಬಂದ್ರೆ ನೀರು, ನೀರು ನಿಂತ್ರೆ ನಾತ, ಸೊಳ್ಳೆ. ಬಾಗಿಲು ತೆಗೆಯೋಕೇ ಬೇಜಾರು."

ಅಮ್ಮ ಆ ನೀರಿನ ಬಣ್ಣ ಹೇಳುತ್ತಿದ್ದಳು. ನೀರಿಗಿಳಿಯುವ ಮೆಟ್ಟಿಲು ಎಷ್ಟೆಂದೂ ಹೇಳುತ್ತಿದ್ದಳು.

"ಅಮ್ಮ ಸುಳ್ಳು ಹೇಳಿದ್ಲಾ?"

"ಸುಳ್ಳು ಯಾಕೆ? ನಿಮ್ಮಜ್ಜಿಗೆ ಬಿಟ್ಟು ಬಂದ ಮನೆ ದಿನಾ ಚೆಂದ ಆಗ್ತಾ ಹೋಯ್ತು. ನಿಮ್ಮಮ್ಮ ಕೇಳಿ ಕೇಳಿ ತನ್ನದೇ ಮಾಡ್ಕೊಂಡ್ಲು. ನಾನು ಬೇಡ ಅನ್ನಲಿಲ್ಲ. ಆ ಮನೆ ನನಗೆ ಬೇಕಾಗಿರಲಿಲ್ಲ." ಹೀಗೆಂದು ಉಣ್ಣೆಯ ಎಳೆಯನ್ನು ಗುಂಡಿಯಕ್ಕನ ಕೈಗೆ ಕೊಟ್ಟು "ಹಿಡ್ಕೋ, ಸಿಕ್ಕಾಗ್ತಿದೆ" ಎಂದಳು.

ಮುಂದಿನ ಬುಧವಾರ ಗುಂಡಿಯಕ್ಕ ಬೇಕೆಂದೇ ಅದೇ ಸಾಲಿನಲ್ಲಿ ನಿಂತಳು. ಮೇಷ್ಟ್ರಿಗೆ ಒಂದು ಮಾತು ಮೊದಲೇ ಹೇಳಬೇಕೆಂದಿದ್ದಳು, ಜನ ಬಿಡಲಿಲ್ಲ. ಕೆರೆಯ ಹತ್ತಿರ ಅವರು ಶುರುಮಾಡಿಯೇಬಿಟ್ಟರು. "ಇಲ್ಲೊಂದು ಮನೆಯಿತ್ತು. ಬಾಗಿಲು ತೆಗೆದರೆ ಕೆರೆ..." ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಗುಂಡಿಯಕ್ಕನಿಗೆ ಬಾಯಿ ಬಿಡಲೂ ಮನಸ್ಸಿಲ್ಲ, ಸುಮ್ಮನಿರಲೂ ಆಗದು.

"ಮೇಷ್ಟ್ರೇ, ಅದು ಅಮ್ಮಂದಲ್ಲ, ದೊಡ್ಡಮ್ಮಂದು. ಕೆರೆನೂ ಅಲ್ವಂತೆ, ಮಣ್ಣು ತೆಗೆದ ಹಳ್ಳ."

ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮನೆಗಳಿದ್ದದ್ದು ನಿಜ ತಾನೇ?"

"ದೊಡ್ಡಮ್ಮ ಹಾಗಂತಾಳೆ."

"ಅವರನ್ನ ಕರ್ಕೊಂಡು ಬರೋಕಾಗತ್ತಾ?"

ಕಣ್ಣೊರೆಸಿಕೊಂಡ ಹೆಂಗಸು "ಈಗ ಯಾವುದನ್ನ ನಂಬೋದು?" ಎಂದಳು. ಗುಂಡಿಯಕ್ಕ "ನನಗೂ ಅದೇ ಗೊತ್ತಾಗ್ತಿಲ್ಲ" ಎಂದಳು.

ಹದಿನೈದು ದಿನ ಗೋಗರೆದ ಮೇಲೆ ದೊಡ್ಡಮ್ಮ ಒಪ್ಪಿದಳು. ಆಫೀಸಿನ ಗುಮಾಸ್ತ ಗಾಲಿಕುರ್ಚಿ ಕೊಟ್ಟ. ಕೆರೆದಂಡೆಯಲ್ಲಿ ಗುಂಡಿಯಕ್ಕ ಕುರ್ಚಿ ನಿಲ್ಲಿಸಿದಳು. ಮೇಷ್ಟ್ರು ಪೆನ್ನು ಹಿಡಿದು ಕಾದರು. ದೊಡ್ಡಮ್ಮ ಮೊದಲು ದೋಣಿಕಟ್ಟೆ ತೋರಿಸಿ "ಅಲ್ಲಿ" ಎಂದಳು. ಆಮೇಲೆ ಹೂವಿನ ಪಾತಿ ತೋರಿಸಿ "ಇಲ್ಲ, ಅಲ್ಲಿ" ಎಂದಳು. ಕೊನೆಗೆ ಸಿಟ್ಟಿನಿಂದ, "ಎಲ್ಲಾ ಎತ್ತಿ ಎಲ್ಲೆಲ್ಲೋ ಇಟ್ಟಿದಾರೆ. ಗುರುತು ಹೇಗೆ ಸಿಗತ್ತೆ?" ಎಂದಳು.

ಮೇಷ್ಟ್ರು ಮೂರು ಮಾತನ್ನೂ ಬರೆದುಕೊಂಡರು. ನಕ್ಷೆಯ ಬಿಳಿ ಭಾಗದಲ್ಲಿ ಪೆನ್ಸಿಲಿನಿಂದ ಎರಡು ಚುಕ್ಕೆ ಇಟ್ಟು, ಎರಡರ ಮುಂದೆಯೂ ಪ್ರಶ್ನೆಚಿಹ್ನೆ ಹಾಕಿದರು. "ಇನ್ಮೇಲೆ ಖಾಲಿ ಜಾಗ ಅನ್ನಲ್ಲಮ್ಮಾ" ಎಂದರು.

ದೊಡ್ಡಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. ನೀರನ್ನೇ ನೋಡುತ್ತಿದ್ದಳು. "ನೀರು ಚೆನ್ನಾಗಿದೆ ಅಲ್ವೇನೇ? ಆಗಲೂ ಹೀಗೇ ಇತ್ತು" ಎಂದಳು.

ಗುಂಡಿಯಕ್ಕ ಬೆರಗಾಗಿ ಅವಳ ಮುಖ ನೋಡಿದಳು. ಹಳ್ಳದ ಮಾತು ಎತ್ತಬೇಕೋ ಬೇಡವೋ ತಿಳಿಯಲಿಲ್ಲ. ಮೇಷ್ಟ್ರ ಪೆನ್ನು ಅರ್ಧಕ್ಕೆ ನಿಂತಿತ್ತು. ಇದನ್ನೂ ಬರೆದುಕೊಳ್ಳಲೇ ಎಂಬಂತೆ ಅವರೂ ಇವಳ ಮುಖವನ್ನೇ ನೋಡುತ್ತಿದ್ದರು.