ತೊಂಬಾ ಅವರ ನಗು

ಕಂಪ್ಲಿಯ ರೈಸ್‌ಮಿಲ್ಲಿನಲ್ಲಿ ಯಂತ್ರ ಕೂಡಿಸುವ ಕೆಲಸಕ್ಕೆಂದು ನಾನು ಮತ್ತು ಸಹೋದ್ಯೋಗಿ ತೊಂಬಾ ಹೊಸಪೇಟೆಯ ಲಾಡ್ಜೊಂದಕ್ಕೆ ಹೋದೆವು. ತೊಂಬಾ ಮಣಿಪುರದವರು. ಮ್ಯಾನೇಜರ್ ನನ್ನ ಕಡೆ ತಿರುಗಿ, “ಇವ್ರ ಪಾಸ್‌ಪೋರ್ಟ್ ಕೊಡ್ರಿ,” ಎಂದ. ತೊಂಬಾ ನಗುತ್ತ, ಜೇಬಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದ ಆಧಾರ್ ಕಾರ್ಡ್ ತೆಗೆದರು. ನಾನು ಮೇಜು ಕುಟ್ಟಿ ಕೂಗಾಡಿದೆ. “ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ,” ಎಂದು ಮ್ಯಾನೇಜರ್ ಕೈಮುಗಿದ. ಮುಗಿದದ್ದು ನನಗೆ.

ಮೆಟ್ಟಿಲು ಹತ್ತುವಾಗ ಕೇಳಿದೆ: “ನಿಮಗೆ ಸಿಟ್ಟೇ ಬರೋದಿಲ್ವೇನ್ರೀ?”

“ಬರ್ತೈತ್ರಿ ಸಾರ್,” ಎಂದರು, ಸೈಟುಗಳಲ್ಲಿ ಕಲಿತ ಕನ್ನಡದಲ್ಲಿ. “ನೀವು ಕೂಗಿದ್ರ ಕೈ ಮುಗೀತಾರ. ನಾ ಕೂಗಿದ್ರ ಪೊಲೀಸ್ರನ್ನ ಕರೀತಾರ. ಅದಕ್ಕ ನಗ್ತೀನಿ.”

ಮರುದಿನ ಮಿಲ್ಲಿನ ಗೇಟಿನಲ್ಲಿ ಕಾವಲುಗಾರ ಬಾಯಿ ತೆರೆಯುವ ಮೊದಲೇ ತೊಂಬಾ ನಗತೊಡಗಿದ್ದರು.

ನಮ್ಮ ಆಫೀಸಿನಲ್ಲಿ ಭಾಳ ಖುಷಿಯ ಮನುಷ್ಯ ಯಾರೆಂದರೆ ಎಲ್ಲರೂ ತೊಂಬಾ ಹೆಸರನ್ನೇ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ.