ಅರ್ಧ ಮೀಸೆಯ ಒಪ್ಪಂದ

ನಮ್ಮ ಬೀದಿಯ ಕ್ಷೌರಿಕನನ್ನು ಎಲ್ಲರೂ ಕರೆಯುವುದು ಇನ್ಸ್‌ಪೆಕ್ಟರ್ ಎಂದೇ. ಅವನು ಪೊಲೀಸ್ ಠಾಣೆಯ ಮೆಟ್ಟಿಲು ಕೂಡ ಹತ್ತಿದವನಲ್ಲ. ಎದುರುಮನೆಯ ಪತ್ತೇದಾರಿ ಕಾದಂಬರಿಕಾರರು ಇವನ ದಪ್ಪ ಮೀಸೆಯನ್ನೂ ಕಂಡವರನ್ನೆಲ್ಲ ಅನುಮಾನಿಸುವ ಬುದ್ಧಿಯನ್ನೂ ಎತ್ತಿ ತಮ್ಮ ಪುಸ್ತಕಗಳ ಇನ್ಸ್‌ಪೆಕ್ಟರನಿಗೆ ಅಂಟಿಸಿಬಿಟ್ಟಿದ್ದರು. ಪ್ರತಿ ಪುಸ್ತಕದಲ್ಲೂ ಆ ಮಹಾಶಯ ಬರುತ್ತಾನೆ, ಮೊದಲು ಕಣ್ಣಿಗೆ ಬಿದ್ದವನಿಗೆ ಕೋಳ ತೊಡಿಸುತ್ತಾನೆ, ಕೊನೆಗೆ ಪತ್ತೇದಾರನ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಲ್ಲುತ್ತಾನೆ.

ಬೇರೆಯವರಾಗಿದ್ದರೆ ಜಗಳಕ್ಕೆ ಹೋಗುತ್ತಿದ್ದರು. ಇವನು ಎದೆಯುಬ್ಬಿಸಿಕೊಂಡು ಓಡಾಡಿದ. ಕಾರಣ ಹೆಂಡತಿ. ಮದುವೆಯಾದಾಗಿನಿಂದ ಇವನ ಯಾವ ತಮಾಷೆಗೂ ಆಕೆ ನಕ್ಕವಳಲ್ಲ. ಆದರೆ ಊಟವಾದ ಮೇಲೆ ಇನ್ಸ್‌ಪೆಕ್ಟರ್ ಬರುವ ಪುಟಗಳನ್ನು ಗಟ್ಟಿಯಾಗಿ ಓದುತ್ತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗು ಕೇಳಲೆಂದೇ ಅವನು ಬೇಗ ಅಂಗಡಿ ಮುಚ್ಚುತ್ತಿದ್ದ. ಹೆಂಡತಿಯೆಂದರೆ ಅವನಿಗೆ ಅಷ್ಟು ಪ್ರಾಣ.

ಒಂದು ದಿನ ಕಾದಂಬರಿಕಾರರು ಬಂದು ಕುರ್ಚಿಯಲ್ಲಿ ಕೂತರು. ಹೊಸ ಪುಸ್ತಕದ ಹಿಂಬದಿಗೆ ಫೋಟೋ ತೆಗೆಸಬೇಕು, ಮೀಸೆ ಪೂರ್ತಿ ಬೋಳಿಸು ಎಂದರು. ನಾನು ಹಳೆ ಪೇಪರ್ ತಿರುವುತ್ತಾ ನನ್ನ ಸರದಿಗೆ ಕಾಯುತ್ತಿದ್ದೆ. ಇವನದೊಂದು ಪದ್ಧತಿಯಿದೆ, ನನಗಂತೂ ಕಂಡರಾಗದು: ಎಡಗಡೆ ಪೂರ್ತಿ ಮುಗಿಸದೆ ಬಲಗಡೆಗೆ ಕೈ ಹಾಕುವುದೇ ಇಲ್ಲ. ಎಡಗೆನ್ನೆ ಆಯಿತು, ಎಡಮೀಸೆಯೂ ಹೋಯಿತು. ಸಾಹಿತಿಗಳ ಬಾಯಿ ಸುಮ್ಮನಿರಬೇಕಲ್ಲ!

“ಮುಂದಿನ ಪುಸ್ತಕದಲ್ಲಿ ನಿನ್ನ ಇನ್ಸ್‌ಪೆಕ್ಟರನ್ನ ಮುಗಿಸ್ತಿದೀನಿ ಕಣಯ್ಯಾ. ಶುರುನಲ್ಲೇ ಗುಂಡೇಟು.”

ಕತ್ತಿ ನಿಂತಿತು. “ಯಾಕೆ ಸಾರ್? ಅವನೇನ್ ಮಾಡ್ದ?”

“ಬೇಜಾರಾಯ್ತು. ಎಷ್ಟು ಅಂತ ಅವನ ಪೆದ್ದುತನ ಬರೀಲಿ?”

ನಮ್ಮವನು ಕತ್ತಿ ಒರೆಸಿ ಮಡಿಚಿಟ್ಟ. ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತು ಪೇಪರಿನ ಅರ್ಧ ಕಿತ್ತುಕೊಂಡ.

“ಏನಯ್ಯಾ ಇದು? ಇನ್ನೊಂದು ಕಡೆ?”

“ನಂಗೂ ಬೇಜಾರಾಯ್ತು ಸಾರ್.”

ಕಾದಂಬರಿಕಾರರು ಕನ್ನಡಿ ನೋಡಿಕೊಂಡರು. ನಾನೂ ನೋಡಿದೆ, ಸುಳ್ಳೇಕೆ, ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ. ಹೊರಗೆ ಫೋಟೋದವನು ಹಾರ್ನ್ ಹೊಡೆಯುತ್ತಿದ್ದ. ಅಷ್ಟೊಂದು ಕೊಲೆಗಳ ಗುಟ್ಟು ಬಿಡಿಸಿದ ತಲೆಗೆ ಅರ್ಧ ಮೀಸೆಯಿಂದ ಪಾರಾಗುವ ದಾರಿ ಹೊಳೆಯಲಿಲ್ಲ.

“ಆಯ್ತಪ್ಪಾ, ಬದುಕ್ಕೊಳ್ಳಲಿ!”

“ಗುಂಡು ತಗುಲಿ ಕುಂಟೋದೂ ಬೇಡ ಸಾರ್.”

“ಕುಂಟಲ್ಲ! ಬಾರಯ್ಯಾ ಇಲ್ಲಿ!”

ಮುಂದಿನ ಪುಸ್ತಕ ಬಂತು. ಇನ್ಸ್‌ಪೆಕ್ಟರನ ಕೂದಲೂ ಕೊಂಕಿರಲಿಲ್ಲ. ಆದರೆ ಅವನಿಗೆ ಹೊಸದಾಗಿ ಒಬ್ಬ ಹೆಂಡತಿ ಬಂದಿದ್ದಳು: ಗಂಡನ ತಮಾಷೆಗೆ ಮುಖ ಗಂಟಿಕ್ಕುವವಳು, ಕಿಟಕಿಯಲ್ಲಿ ನಿಂತು ಊರ ಸುದ್ದಿಯೆಲ್ಲ ಹೆಕ್ಕಿ, ಯಾರನ್ನು ಹಿಡಿಯಬೇಕೆಂದು ಗಂಡನಿಗೆ ತಪ್ಪುತಪ್ಪಾಗಿ ಹೇಳಿಕೊಡುವವಳು. ಆ ಪುಟ ಬಂದಾಗ ಕ್ಷೌರಿಕನ ಹೆಂಡತಿ ಓದುವುದನ್ನೇ ನಿಲ್ಲಿಸಿದಳಂತೆ. ಆಮೇಲೆ ಪುಸ್ತಕ ಕಿತ್ತುಕೊಂಡು ಓದಿ ನಕ್ಕವನು ಗಂಡ.

ಮರುದಿನ ನನ್ನ ತಲೆಯ ಮೇಲೆ ಕತ್ತರಿ ಆಡುತ್ತಿದ್ದಾಗ ಆಕೆ ಪುಸ್ತಕ ಹಿಡಿದುಕೊಂಡು ಅಂಗಡಿಗೇ ನುಗ್ಗಿದಳು.

“ರೀ, ಎದುರುಮನೆಯವ್ರು ಮತ್ತೆ ಮೀಸೆ ಬಿಟ್ಟಿದಾರೆ. ಬೋಳಿಸ್ಕೊಳ್ಳೋಕೆ ಬಂದ್ರೆ ನನ್ನ ಕರೀರಿ. ಎಡಗಡೆ ನಾನು ಮಾಡ್ತೀನಿ.”

“ಕರೀತೀನಿ. ಆದ್ರೆ ಮೊದ್ಲು ಯಾರಿಗಾದ್ರೂ ಕೋಳ ಹಾಕ್ಬೇಕಲ್ಲ,” ಎಂದು ಅವನು ಗಂಟಲು ದಪ್ಪ ಮಾಡಿ ನನ್ನ ಕೊರಳಿನ ಬಟ್ಟೆಯನ್ನು ಬಿಗಿದ. “ಇವನೇ ಇರ್ಬೇಕು. ಮುಖ ನೋಡು!”

ಆಕೆಗೆ ಫಕ್ಕನೆ ನಗು ಬಂತು. ಪುಸ್ತಕದಲ್ಲಿಲ್ಲದ ಮಾತಿಗೆ, ಗಂಡನ ಸ್ವಂತ ಮಾತಿಗೆ, ಆಕೆ ನಕ್ಕಿದ್ದು ಅದೇ ಮೊದಲು. ಅವನ ಕಣ್ಣು ತುಂಬಿ ಬಂತು. ಕತ್ತರಿ ಕೆಳಗಿಟ್ಟವನೇ ಹೆಂಡತಿಯ ಜೊತೆ ಮನೆಗೆ ಹೊರಟೇಬಿಟ್ಟ.

ನನ್ನ ತಲೆ ಎಡಗಡೆ ಮಾತ್ರ ಮುಗಿದಿತ್ತು.